ದೋಣಿಯ ಬುಡಕ್ಕೆ ಗರಗಸ ಹಾಕಬೇಡಿ

ನಲವತ್ತು ವರ್ಷ ಹಳೆಯ ಹಾಯಿದೋಣಿಯೊಂದನ್ನು ಅಗ್ಗಕ್ಕೆ ಕೊಂಡು, ಅದರ ಕೀಲ್ ಒಂದಡಿ ಗಿಡ್ಡ ಮಾಡಿಬಿಟ್ಟರೆ ಎಲ್ಲಾ ಸರಿಹೋಗುತ್ತೆ ಅಂತ ನಂಬಿರುವವರಿಗೆ ನನ್ನದೊಂದೇ ಮಾತು: ಬೇಡ. ಗರಗಸ ಕೆಳಗಿಡಿ.

"ಬಯಲುಸೀಮೆಯಲ್ಲಿ ಹುಟ್ಟಿ, ಊರ ಕೆರೆಯಲ್ಲಿ ಈಜು ಕಲಿತವನು ಸಮುದ್ರದ ಬಗ್ಗೆ ಪಾಠ ಹೇಳ್ತಾನಲ್ಲ" ಅಂತ ನೀವು ನಗಬಹುದು. ನಗಿ, ತಪ್ಪಿಲ್ಲ. ಆದರೆ ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಈ ಪ್ರಶ್ನೆ ಈಗ ನನ್ನ ಮುಂದೆಯೇ ಇದೆ. ಐದು ಜನ ಸೇರಿ ಒಂದು ಹಳೇ ದೋಣಿ ಇಟ್ಟುಕೊಂಡಿದ್ದೇವೆ, ಐವರಲ್ಲಿ ನಾಲ್ವರು ಸಾಫ್ಟ್‌ವೇರ್‌ನವರು. ಈ ಚಳಿಗಾಲದಲ್ಲಿ ದೋಣಿ ದಡಕ್ಕೆ ಬಂದಾಗ ಕೀಲ್‌ನ ತಳದಿಂದ 30 ಸೆಂಟಿಮೀಟರ್ ಕತ್ತರಿಸೋಣ ಅನ್ನೋ ಪ್ರಸ್ತಾಪ ಬಂದಿದೆ. ಮೂವರು ಹೂಂ ಅಂದಿದ್ದಾರೆ. ನನ್ನದು ಊಹೂಂ. ಯಾಕೆ ಅನ್ನೋದು ವಾಟ್ಸಾಪ್ ಗ್ರೂಪಿನಲ್ಲಿ ಬರೆಯುವಷ್ಟು ಚಿಕ್ಕದಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಮೊದಲು ಕೀಲ್ ಅಂದರೆ ಏನು ಅಂತ ನೋಡೋಣ. ನಮ್ಮ ಕನ್ನಡದ ಕೀಲಿಗೂ ಇದಕ್ಕೂ ನಂಟಿಲ್ಲ. ದೋಣಿಯ ಹೊಟ್ಟೆಯ ಕೆಳಗೆ, ನೀರಿನೊಳಗೆ, ಮೀನಿನ ರೆಕ್ಕೆಯ ಹಾಗೆ ನೇತಾಡೋ ಭಾರವಾದ ಭಾಗ ಅದು. ಸೀಸದ್ದೋ ಬೀಡುಕಬ್ಬಿಣದ್ದೋ ಆಗಿರುತ್ತೆ. ಕೆಲವು ದೋಣಿಗಳಲ್ಲಿ ಅದನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ಕೆಲವದರಲ್ಲಿ ಫೈಬರ್‌ಗ್ಲಾಸ್ ಒಡಲಿನೊಳಗೇ ಭಾರ ತುಂಬಿ ಮುಚ್ಚಿರುತ್ತಾರೆ. ತಂಜಾವೂರು ಬೊಂಬೆ ನೋಡಿದ್ದೀರಲ್ಲ? ಎಷ್ಟು ಸಲ ಬೀಳಿಸಿದರೂ ತಲೆ ಅಲ್ಲಾಡಿಸ್ತಾ ಎದ್ದು ನಿಲ್ಲುತ್ತೆ. ಅದರ ಗುಟ್ಟೆಲ್ಲಾ ಬುಡದ ಭಾರದಲ್ಲಿದೆ. ಹಾಯಿದೋಣಿಯ ಕೀಲ್ ಮಾಡೋ ಮೊದಲ ಕೆಲಸ ಅದೇ. ಗಾಳಿ ಹಾಯಿಯನ್ನು ತಳ್ಳಿ ದೋಣಿಯನ್ನು ಒಂದು ಪಕ್ಕಕ್ಕೆ ಮಲಗಿಸುತ್ತೆ, ಕೀಲ್ ಅದನ್ನು ಎಬ್ಬಿಸುತ್ತೆ.

ಎರಡನೇ ಕೆಲಸ ಕಣ್ಣಿಗೆ ಕಾಣಲ್ಲ. ಪಕ್ಕದಿಂದ ಬೀಸೋ ಗಾಳಿ ದೋಣಿಯನ್ನು ಮುಂದಕ್ಕಷ್ಟೇ ಅಲ್ಲ, ಅಡ್ಡಕ್ಕೂ ತಳ್ಳುತ್ತೆ. ಹಾಗೆ ಅಡ್ಡ ಜಾರದಂತೆ ನೀರನ್ನು ಹಿಡಿದು ನಿಲ್ಲೋದು ಕೀಲ್. ವಿಮಾನದ ರೆಕ್ಕೆ ಗಾಳಿಯಲ್ಲಿ ಮಾಡೋದನ್ನು ಇದು ನೀರಿನಲ್ಲಿ ಮಾಡುತ್ತೆ. ಹಾಯಿದೋಣಿ ಗಾಳಿಗೆ ಎದುರಾಗಿ ಓರೆ ಓರೆಯಾಗಿ ಹತ್ತೋದು ಇದರಿಂದಲೇ. ಮೂರನೇದು ಸಮತೋಲ. ಹಾಯಿಯ ಮೇಲೆ ಗಾಳಿ ಒತ್ತೋ ಬಿಂದುವಿಗೂ ಒಡಲನ್ನು ನೀರು ಒತ್ತೋ ಬಿಂದುವಿಗೂ ಒಂದು ಹೊಂದಾಣಿಕೆ ಇರಬೇಕು. ಅದು ತಪ್ಪಿದರೆ ಚುಕ್ಕಾಣಿ ಹಿಡಿದವನ ತೋಳು ಬಿದ್ದುಹೋಗುತ್ತೆ.

ಇಷ್ಟೊಂದು ಕೆಲಸ ಮಾಡೋ ವಸ್ತುವನ್ನು ಜನ ಯಾಕೆ ಕತ್ತರಿಸ್ತಾರೆ? ಕಾರಣ ಸುಳ್ಳಲ್ಲ. ಎಸೆಕ್ಸ್, ಸಫೋಕ್ ಕಡೆಯ ಅಳಿವೆಗಳೆಲ್ಲ ಕೆಸರು. ಇಳಿತ ಬಂತು ಅಂದರೆ ನೀರು ಕಾಲಿಗೆ ಬುದ್ಧಿ ಹೇಳುತ್ತೆ, ದೋಣಿ ಕೆಸರಲ್ಲಿ ಮಲಗುತ್ತೆ. ಒಂದೂವರೆ ಮೀಟರ್ ಆಳದ ಕೀಲ್ ಇದ್ದರೆ ಅರ್ಧ ದಿನ ಉಬ್ಬರಕ್ಕೆ ಕಾಯಬೇಕು. ಚಂದದ ಸಣ್ಣ ಸಣ್ಣ ಕೊಲ್ಲಿಗಳಿಗೆ ಹೋಗೋಕಾಗಲ್ಲ. ಆಳ ನೀರಿನ ಕಟ್ಟೆಗೆ ಬಾಡಿಗೆ ಜಾಸ್ತಿ. ವಾರಕ್ಕೆ ಎರಡೇ ದಿನ ರಜೆ ಇರೋರಿಗೆ ಇದು ಸಿಟ್ಟು ತರಿಸೋದು ಸಹಜ. "ಬರೀ ಒಂದು ಭಾರ ತಾನೇ? ಕೆಳಗೆ ತೆಗೆದಷ್ಟು ಮೇಲೆ ಸೇರಿಸಿದರೆ ಆಯ್ತು" ಅನ್ನೋ ಮಾತು ಹುಟ್ಟೋದು ಇಲ್ಲೇ.

ಸರಿ, ಲೆಕ್ಕ ಹಾಕೋಣ. ನಾವೆಲ್ಲ ಬಿ.ಇ. ಓದಿದವರು, ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸ್ ಸಾಕು. ಉದಾಹರಣೆಗೆ ದೋಣಿಯ ತೂಕ 3000 ಕಿಲೋ, ಅದರಲ್ಲಿ ಕೀಲ್ 1200 ಕಿಲೋ ಅಂತಿಟ್ಟುಕೊಳ್ಳಿ. ಕೀಲ್ ಒಂದು ಮೀಟರ್ ಆಳ, ಮೇಲಿಂದ ಕೆಳಗೆ ಒಂದೇ ದಪ್ಪ. ಅದರ ಭಾರದ ನಡುಬಿಂದು ಮೇಲ್ತುದಿಯಿಂದ ಅರ್ಧ ಮೀಟರ್ ಕೆಳಗೆ. ಭಾರವನ್ನು ದೂರದಿಂದ ಗುಣಿಸಿದರೆ 600. ಈಗ ತಳದ 30 ಸೆಂಟಿಮೀಟರ್ ಕತ್ತರಿಸಿ. ಹೋಗಿದ್ದು 360 ಕಿಲೋ, ಆದರೆ ಅದು ಇದ್ದದ್ದು 0.85 ಮೀಟರ್ ಕೆಳಗೆ. ಗುಣಿಸಿದರೆ 306. ಅಂದರೆ ತೆಗೆದ ಭಾರ 30 ಪರ್ಸೆಂಟ್, ಹೋದ ಬಲ 51 ಪರ್ಸೆಂಟ್! ಕೀಲ್‌ನ ಮೇಲ್ತುದಿಯಿಂದ ಅಳೆದ ಲೆಕ್ಕ ಇದು. ಅಳತೆಯ ಬಿಂದುವನ್ನು ಇನ್ನೂ ಮೇಲೆ ಹಿಡಿದರೆ ಅಂಕಿ ಸ್ವಲ್ಪ ಇಳಿಯುತ್ತೆ, ಆದರೆ ಯಾವತ್ತೂ 30ಕ್ಕೆ ಇಳಿಯಲ್ಲ. ಅತಿ ಕೆಳಗಿರೋ ಕಿಲೋಗಳೇ ಅತಿ ಹೆಚ್ಚು ದುಡಿಯೋ ಕಿಲೋಗಳು. ನಾವು ಕೆಲಸದಿಂದ ತೆಗೀತಿರೋದು ಅವರನ್ನೇ.

"ಹಾಗಾದರೆ ತಳಕ್ಕೊಂದು ಸೀಸದ ಗಡ್ಡೆ ಹಾಕೋಣ." ಹಾಕಿ. ಕಳಕೊಂಡ 306ನ್ನು ವಾಪಸ್ ತರಬೇಕು, ಗಡ್ಡೆಯ ನಡುಬಿಂದು ಈಗ ಹೆಚ್ಚೆಂದರೆ 0.65 ಮೀಟರ್ ಕೆಳಗಿರುತ್ತೆ. ಭಾಗಿಸಿದರೆ ಸುಮಾರು 470 ಕಿಲೋ. ತೆಗೆದಿದ್ದು 360, ಹಾಕಿದ್ದು 470. ದೋಣಿಗೆ 110 ಕಿಲೋ ಹೊಸ ಭಾರ ಬಂತು, ಅಷ್ಟರ ಮಟ್ಟಿಗೆ ಅದು ನೀರಿಗೆ ಇನ್ನೂ ಇಳೀತು. ಇದನ್ನೆಲ್ಲ ಹೊರಬೇಕಾದ್ದು ನಲವತ್ತು ವರ್ಷ ಹಳೇ ಬೋಲ್ಟುಗಳು.

ನಿಲ್ಲಿಸೋ ಬಲ ವಾಪಸ್ ಬಂತು ಅಂತಲೇ ಇಟ್ಟುಕೊಳ್ಳೋಣ. ರೆಕ್ಕೆಯ ಕೆಲಸದ ಕಥೆ ಏನು? ರೆಕ್ಕೆ ಗಿಡ್ಡವಾದಷ್ಟೂ ಅದೇ ಬಲ ಹುಟ್ಟಿಸೋಕೆ ಹೆಚ್ಚು ಎಳೆತ ಕೊಡುತ್ತೆ. ಆಳ ಒಂದು ಮೀಟರಿನಿಂದ 0.7ಕ್ಕೆ ಇಳಿದರೆ, ಕೀಲ್ ಒಂದನ್ನೇ ನೋಡಿದಾಗ, ಅಡ್ಡಬಲ ಹುಟ್ಟಿಸೋಕೆ ತೆರಬೇಕಾದ ಎಳೆತ ಅದೇ ವೇಗದಲ್ಲಿ ಸುಮಾರು ಎರಡು ಪಟ್ಟು. ಜೊತೆಗೆ ದೋಣಿ ಹೆಚ್ಚು ಜಾರುತ್ತೆ. ಬಿಸಿಲಿನ ಭಾನುವಾರ ಇದು ಗೊತ್ತೇ ಆಗಲ್ಲ. ಗಾಳಿ ದಡದ ಕಡೆಗೆ ಜೋರಾಗಿ ಬೀಸ್ತಾ ಇದೆ, ಎಂಜಿನ್ ಕೈಕೊಟ್ಟಿದೆ, ಹಾಯಿಯ ಬಲದ ಮೇಲೇ ದಡದಿಂದ ದೂರ ಹತ್ತಬೇಕು ಅನ್ನೋ ದಿನ ಗೊತ್ತಾಗುತ್ತೆ. ಹಳೇ ದೋಣಿಯ ಎಂಜಿನ್ ಕೈಕೊಡೋದು ಯಾವಾಗ ಅಂತ ಹೇಳಬೇಕಾಗಿಲ್ಲ ಅಲ್ವಾ? ಇನ್ನು ಹಿಂದಕ್ಕೆ ಬಾಗಿದ ಕೀಲ್ ಆದರೆ ತಳ ಕತ್ತರಿಸಿದಾಗ ನೀರು ಒತ್ತೋ ಬಿಂದು ಮುಂದಕ್ಕೆ ಸರಿಯುತ್ತೆ, ದೋಣಿ ಮೂತಿಯನ್ನು ಗಾಳಿಯ ಕಡೆಗೇ ತಿರುಗಿಸೋಕೆ ನೋಡುತ್ತೆ. ಆಮೇಲೆ ಮಾಸ್ಟ್ ಸರಿಸು, ಹಾಯಿ ಬದಲಿಸು, ಚುಕ್ಕಾಣಿ ದೊಡ್ಡದು ಮಾಡು. ಒಂದು ಬಗ್ ಸರಿ ಮಾಡೋಕೆ ಹೋಗಿ ಆರು ಬಗ್ ಹುಟ್ಟಿಸಿದ ಹಾಗೆ.

ಇದರ ಉಲ್ಟಾ ಮಾಡೋರೂ ಇದ್ದಾರೆ. ರೇಸಿನ ಹುಚ್ಚಿಗೆ ಕೀಲ್ ತಳಕ್ಕೆ ಇನ್ನಷ್ಟು ಸೀಸ ಕಟ್ಟೋರು. "ಭಾರ ಜಾಸ್ತಿ ಆದರೆ ಸುರಕ್ಷಿತ ತಾನೇ?" ಅಲ್ಲ. ದೋಣಿ ಪೂರ್ತಿ ಪಕ್ಕಕ್ಕೆ ಮಲಗಿದಾಗ ಕೀಲ್ ಗೋಡೆಗೆ ಬಡಿದ ಗೂಟದ ಹಾಗೆ ಅಡ್ಡಕ್ಕೆ ಚಾಚಿಕೊಂಡಿರುತ್ತೆ. ನಮ್ಮ ಉದಾಹರಣೆಯಲ್ಲಿ ಬೋಲ್ಟುಗಳ ಮೇಲೆ ಬೀಳೋ ಸೆಳೆತ 600. ತುದಿಗೆ 200 ಕಿಲೋ ಕಟ್ಟಿ, 800 ಆಯ್ತು. ಮೂರನೇ ಒಂದು ಭಾಗ ಜಾಸ್ತಿ! ದೋಣಿ ಹೆಚ್ಚು ಗಟ್ಟಿಯಾಗಿ ನಿಂತಷ್ಟೂ ಮಾಸ್ಟ್ ಮೇಲೆ, ಅದನ್ನು ಎಳೆದು ಹಿಡಿದ ತಂತಿಗಳ ಮೇಲೆ ಒತ್ತಡ ಏರುತ್ತೆ. ಅವನ್ನು ಲೆಕ್ಕ ಹಾಕಿದ್ದು ಹಳೇ ಕೀಲ್‌ಗೆ.

ಹುಲ್ಲು ಹೇರಿದ ಎತ್ತಿನಗಾಡಿ ಓರೆ ದಾರಿಯಲ್ಲಿ ಹೋಗೋದನ್ನು ನೋಡಿದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಭಾರ ಎಷ್ಟು ಅನ್ನೋದಕ್ಕಿಂತ ಎಲ್ಲಿದೆ ಅನ್ನೋದು ಮುಖ್ಯ. ಮುಂಭಾರ ಆದರೆ ಎತ್ತಿನ ಹೆಗಲು ಹೋಗುತ್ತೆ, ಹಿಂಭಾರ ಆದರೆ ನೊಗ ಮೇಲೇಳುತ್ತೆ, ಭಾರ ಮೇಲೆ ಹೋದರೆ ಗಾಡಿಯೇ ಮಗುಚುತ್ತೆ. ಗಾಡಿ ಹೊಡೆಯೋರು ಇದನ್ನು ಯಾವ ಕಾಲೇಜಿನಲ್ಲೂ ಕಲಿಯಲ್ಲ, ಆದರೂ ಯಾರೂ ಕಡೆಗೀಲು ಕಿತ್ತು ಗಾಡಿ ಹಗುರ ಮಾಡಲ್ಲ.

ಈಗ ಬೋಲ್ಟಿಗೆ ಬರೋಣ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯಲ್ಲ ಅನ್ನೋದು ಅರ್ಧ ಸತ್ಯ. ಅದನ್ನು ಕಾಯೋದು ಮೇಲಿನ ತೆಳ್ಳನೆ ಪದರ, ಆ ಪದರ ಉಳಿಯೋಕೆ ಆಮ್ಲಜನಕ ಬೇಕು. ಕೀಲ್ ಮತ್ತು ಒಡಲಿನ ನಡುವಿನ ಕಿರಿದಾದ ಒದ್ದೆ ಸಂದಿಯಲ್ಲಿ ಅದು ಸಿಗಲ್ಲ. ಬೋಲ್ಟಿನ ತಲೆ ಒಳಗಡೆ ಕನ್ನಡಿ ಹಾಗೆ ಹೊಳೀತಿರುತ್ತೆ, ನಡುಭಾಗ ಇಲಿ ಕಡಿದ ಹಾಗೆ ಸವೆದಿರುತ್ತೆ. ಬೋಲ್ಟ್ ಹೊರಗೆಳೆದೋ ಎಕ್ಸ್‌ರೇ ತೆಗೆಸಿಯೋ ನೋಡದ ಹೊರತು ಗೊತ್ತಾಗಲ್ಲ. ಬೀಡುಕಬ್ಬಿಣವಾದರೆ ವೆಲ್ಡಿಂಗ್ ಕಷ್ಟ, ಬಿರುಕು ಬಿಡೋ ಸ್ವಭಾವ ಅದರದ್ದು. ಸೀಸ ಮೆತ್ತಗೆ ಕತ್ತರಿಸುತ್ತೆ ನಿಜ, ಅದರ ಪುಡಿ ವಿಷ. ಒಡಲಿನೊಳಗೆ ಭಾರ ಮುಚ್ಚಿರೋ ದೋಣಿಯಾದರೆ ತಳ ಕೊಯ್ದ ಕೂಡಲೇ ನೀರು ಒಳಗೆ ಹೋಗೋಕೆ ಬಾಗಿಲು ತೆರೆದ ಹಾಗೆ. ಒಳಗೆ ಕಬ್ಬಿಣ ಇದ್ದರೆ ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿ ಒಡಲನ್ನೇ ಸೀಳುತ್ತೆ.

ಇದೆಲ್ಲ ಹೆದರಿಸೋ ಮಾತು ಅನ್ನೋರಿಗೆ ಎರಡು ಹೆಸರು ಹೇಳ್ತೀನಿ. 2002ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಕರಾವಳಿಯಾಚೆ ಎಕ್ಸ್‌ಕ್ಯಾಲಿಬರ್ ಅನ್ನೋ ದೋಣಿಯ ಕೀಲ್ ಕಳಚಿ ಬಿತ್ತು. ಆರು ಜನರಲ್ಲಿ ನಾಲ್ವರು ಸತ್ತರು. ಅದು ಹಳೇ ದೋಣಿ ಅಲ್ಲ, ಹೊಸದು. ತನಿಖೆಯಲ್ಲಿ ಗೊತ್ತಾಗಿದ್ದು ಏನೆಂದರೆ ಆ ಕೀಲನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಲಾಗಿತ್ತು, ವೆಲ್ಡಿಂಗ್ ಸರಿ ಇರಲಿಲ್ಲ. ಮೇಲೆ ಬಣ್ಣ ಬಳಿದ ಮೇಲೆ ಅದು ಯಾರಿಗೆ ಕಾಣುತ್ತೆ? ಎರಡನೇದು 2014ರ ಮೇ ತಿಂಗಳ ಚೀಕಿ ರಫೀಕಿ. ಆಂಟಿಗುವಾದಿಂದ ಇಂಗ್ಲೆಂಡಿನ ಸೌತಾಂಪ್ಟನ್‌ಗೆ ವಾಪಸ್ ಬರ್ತಿದ್ದ ನಲವತ್ತಡಿ ದೋಣಿ. ಅಟ್ಲಾಂಟಿಕ್ ನಡುವೆ ಕೀಲ್ ಹೋಯ್ತು. ಮಗುಚಿದ ಒಡಲು ಸಿಕ್ಕಿತು, ಜೀವರಕ್ಷಕ ತೆಪ್ಪ ಇನ್ನೂ ಒಳಗೇ ಇತ್ತು, ನಾಲ್ವರೂ ಸಿಗಲಿಲ್ಲ. ಅದರ ಕೀಲನ್ನು ಯಾರೂ ಕತ್ತರಿಸಿರಲಿಲ್ಲ. ಹಿಂದೆ ನೆಲಕ್ಕೆ ತಾಗಿದ್ದ, ರಿಪೇರಿಯಾಗಿದ್ದ ದೋಣಿ ಅದು. ಬ್ರಿಟನ್ನಿನ ತನಿಖಾ ವರದಿ ಬೊಟ್ಟು ಮಾಡಿದ್ದು ಕೀಲ್ ಕೂರೋ ಜಾಗದ ಅಂಟು ಬಿಟ್ಟುಕೊಂಡಿರೋ ಸಾಧ್ಯತೆಯ ಕಡೆ. ಬರೀ ತಾಗಿದ್ದಕ್ಕೇ ಇಷ್ಟಾಗಬಹುದಾದರೆ ಗರಗಸ ಹಾಕಿದ್ದಕ್ಕೆ?

ಮುಂಬೈಯಲ್ಲಿ ತೇಗದ ಮರದಿಂದ ಕಟ್ಟಿದ ಸುಹೈಲಿ ಅನ್ನೋ 32 ಅಡಿ ದೋಣಿಯನ್ನೇ ನೋಡಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಅದರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದರು, ಹಾಗೆ ಸುತ್ತಿದವರಲ್ಲಿ ಮೊದಲಿಗರು. ಹೊರಟ ಕೆಲವೇ ವಾರದಲ್ಲಿ ನೀರು ಸೋರೋಕೆ ಶುರುವಾಯ್ತು. ಎಲ್ಲಿ? ಕೀಲ್ ಪಕ್ಕದ ಸಂದಿಯಲ್ಲಿ. ನಡುಸಮುದ್ರದಲ್ಲಿ ಧುಮುಕಿ, ಉಸಿರು ಹಿಡಿದು, ಹತ್ತಿ ತುರುಕಿ, ತಾಮ್ರದ ಪಟ್ಟಿ ಹೊಡೆದು ಮುಚ್ಚಬೇಕಾಯ್ತು. ಸಮುದ್ರ ದೋಣಿಯನ್ನು ಪರೀಕ್ಷೆ ಮಾಡೋದು ಆ ಸಂದಿಯಲ್ಲೇ. ನಮ್ಮ ದೇಶದ ಅಭಿಲಾಷ್ ಟೋಮಿ 2022-23ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎರಡನೇ ಸ್ಥಾನ ಪಡೆದಿದ್ದೂ ಹಳೇ ವಿನ್ಯಾಸದ 36 ಅಡಿ ದೋಣಿಯಲ್ಲೇ. ಆ ರೇಸಿನ ನಿಯಮವೇ ಹಾಗಿದೆ: 1988ಕ್ಕಿಂತ ಮುಂಚಿನ ವಿನ್ಯಾಸ, ಉದ್ದ ಕೀಲ್, ಅದರ ಹಿಂಬದಿಗೇ ಕೂಡಿದ ಚುಕ್ಕಾಣಿ. ಹಳೇದು ಅಂದರೆ ದಡ್ಡತನ ಅಂತ ತಿಳಿದಿರೋರು ಇದನ್ನೊಮ್ಮೆ ಯೋಚನೆ ಮಾಡಿ.

1979ರ ಫಾಸ್ಟ್‌ನೆಟ್ ರೇಸಿನಲ್ಲಿ 303 ದೋಣಿಗಳು ಹೊರಟಿದ್ದವು. ಬಿರುಗಾಳಿಗೆ ಸಿಕ್ಕಿ 15 ಜನ ಸ್ಪರ್ಧಿಗಳು ಸತ್ತರು. ಅತಿ ಚಿಕ್ಕ ದೋಣಿಗಳ ವರ್ಗದಲ್ಲಿ ರೇಸ್ ಮುಗಿಸಿದ್ದು ಒಂದೇ ಒಂದು, ಅಸೆಂಟ್ ಅನ್ನೋ ಕಾಂಟೆಸಾ 32. ತೂಕದ ಹೆಚ್ಚುಕಮ್ಮಿ ಅರ್ಧ ಭಾಗ ಕೀಲ್‌ನಲ್ಲೇ ಇರೋ ವಿನ್ಯಾಸ ಅದು. ಮಗುಚಿದ ಮೇಲೆ ತಿರುಗಿ ಏಳೋದು ಎಷ್ಟು ಮುಖ್ಯ ಅನ್ನೋ ಅಧ್ಯಯನಗಳು ಜೋರಾಗಿದ್ದು ಆ ರೇಸ್ ಆದ ಮೇಲೆ. ಹಳೇ ದೋಣಿಯ ಕೀಲ್ ಯಾಕೆ ಅಷ್ಟು ಆಳ ಅನ್ನೋದಕ್ಕೆ ಒಂದು ಉತ್ತರ ಇದೆ. ಡಾಕ್ಯುಮೆಂಟೇಶನ್ ಇಲ್ಲದ ಹಳೇ ಕೋಡ್ ನೋಡಿ "ಈ ಸಾಲು ಯಾಕಿದೆಯೋ ಗೊತ್ತಿಲ್ಲ, ಡಿಲೀಟ್ ಮಾಡೋಣ" ಅನ್ನೋ ಜೂನಿಯರ್‌ಗೆ ನಾವೇ ಬೈತೀವಿ. ಶನಿವಾರ ಅದೇ ಕೆಲಸವನ್ನು ಗರಗಸ ಹಿಡಿದು ಮಾಡೋಕೆ ಹೊರಟರೆ ಹೇಗೆ? ಅಲ್ಲಿ ಸ್ಟೇಜಿಂಗ್ ಸರ್ವರ್ ಇಲ್ಲ, ರೋಲ್‌ಬ್ಯಾಕ್ ಅಂತೂ ಇಲ್ಲವೇ ಇಲ್ಲ.

ಹಾಗಂತ ಕೀಲ್ ಮುಟ್ಟಲೇಬಾರದು ಅಂತ ನಾನು ಹೇಳ್ತಿಲ್ಲ. 1983ರಲ್ಲಿ ಆಸ್ಟ್ರೇಲಿಯಾ II ದೋಣಿ ರೆಕ್ಕೆ ಇರೋ ವಿಚಿತ್ರ ಕೀಲ್ ಹಾಕಿಕೊಂಡು ಬಂದು ಅಮೆರಿಕಾಸ್ ಕಪ್ ಗೆದ್ದಿತು, ನ್ಯೂಯಾರ್ಕ್ ಯಾಟ್ ಕ್ಲಬ್ಬಿನ 132 ವರ್ಷದ ಹಿಡಿತ ಮುರೀತು. ಪ್ರಯೋಗಕ್ಕೆ ಜಯ ಸಿಕ್ಕಿದ್ದು ನಿಜ. ಆದರೆ ಆ ಕೀಲ್ ಹುಟ್ಟಿದ್ದು ಅಂಗಳದಲ್ಲಿ ಅಲ್ಲ, ನೆದರ್ಲೆಂಡ್ಸಿನ ಪರೀಕ್ಷಾ ಕೊಳದಲ್ಲಿ ಮಾದರಿಗಳನ್ನು ಎಳೆದು, ಅಳೆದು, ಮತ್ತೆ ಎಳೆದ ಮೇಲೆ. ನೀವೂ ಹಾಗೆ ಮಾಡೋದಾದರೆ ಮಾಡಿ. ಮೊದಲು ಮೂಲ ವಿನ್ಯಾಸದ ನಕ್ಷೆ ಹುಡುಕಿ. ದೋಣಿ ವಿನ್ಯಾಸಕಾರರೊಬ್ಬರಿಗೆ ದುಡ್ಡು ಕೊಟ್ಟು ಹೊಸ ಕೀಲ್‌ನ ಲೆಕ್ಕ ಹಾಕಿಸಿ, ಎಷ್ಟು ಡಿಗ್ರಿವರೆಗೆ ವಾಲಿದರೆ ತಿರುಗಿ ಏಳುತ್ತೆ ಅನ್ನೋ ನಕ್ಷೆ ಬರೆಸಿಕೊಳ್ಳಿ. ಬೋಲ್ಟುಗಳನ್ನು ಹೊರಗೆ ತೆಗೆಸಿ. ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಗೊತ್ತಿರೋ ತೂಕವನ್ನು ದೋಣಿಯ ಒಂದು ಪಕ್ಕಕ್ಕೆ ಸರಿಸಿ, ಎಷ್ಟು ವಾಲಿತು ಅಂತ ತೂಗುಗುಂಡು ಕಟ್ಟಿ ಅಳೆಯೋ ಪರೀಕ್ಷೆ ಇದೆ, ಅದನ್ನು ಕೀಲ್ ಬದಲಿಸೋಕೆ ಮುಂಚೆಯೂ ಆಮೇಲೂ ಮಾಡಿಸಿ. ಅದೂ ಸಣ್ಣ ವಾಲಿಕೆಯ ಕಥೆ ಮಾತ್ರ ಹೇಳುತ್ತೆ, ಮಗುಚಿದಾಗಿನ ಕಥೆ ಹೇಳಲ್ಲ ಅನ್ನೋದು ನೆನಪಿರಲಿ. ಇಷ್ಟೆಲ್ಲ ಖರ್ಚು ಕೂಡಿಸಿ ನೋಡಿ. ಹಳೇ ದೋಣಿಯ ಬೆಲೆಯನ್ನೇ ಮೀರಿದರೂ ಆಶ್ಚರ್ಯ ಇಲ್ಲ.

ಆಗ ಸರಳ ದಾರಿ ಕಾಣುತ್ತೆ. ಕೆಸರಲ್ಲಿ ನಿಲ್ಲೋ ದೋಣಿ ಬೇಕಾದರೆ ಕೆಸರಿಗಂತಲೇ ಮಾಡಿದ್ದನ್ನು ಕೊಳ್ಳಿ. ಇಂಗ್ಲೆಂಡಿನವರು ಈ ಸಮಸ್ಯೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಒಂದರ ಬದಲು ಎರಡು ಗಿಡ್ಡ ಕೀಲ್ ಹಾಕಿ, ಇಳಿತ ಬಂದಾಗ ಎರಡು ಕಾಲಮೇಲೆ ನೆಟ್ಟಗೆ ನಿಲ್ಲೋ ದೋಣಿಗಳಿವೆ. ವೆಸ್ಟರ್ಲಿ ಸೆಂಟಾರ್ 1969ರಲ್ಲಿ ಬಂತು, 26 ಅಡಿ ಉದ್ದ, ನೀರಿನಾಳ ಒಂದು ಮೀಟರಿಗೂ ಕಮ್ಮಿ, ಎರಡು ಸಾವಿರಕ್ಕೂ ಹೆಚ್ಚು ಕಟ್ಟಿದ್ದಾರೆ. ಇವತ್ತಿಗೂ ಪೂರ್ವ ಕರಾವಳಿಯ ಕೆಸರಲ್ಲಿ ಬಾತುಕೋಳಿ ಹಾಗೆ ನಿಂತಿರ್ತವೆ. ಅದರಲ್ಲೂ ಕೀಲ್ ಕೂಡೋ ಜಾಗ ಬಲಹೀನ ಅಂತ ಆಮೇಲೆ ಎಷ್ಟೋ ದೋಣಿಗಳಿಗೆ ಒಳಗಿಂದ ಬಲ ಕೊಡಿಸಬೇಕಾಯ್ತು. ಕಂಪನಿ ಲೆಕ್ಕ ಹಾಕಿ ಕಟ್ಟಿದ್ದಕ್ಕೇ ಈ ಪಾಡು ಅಂದರೆ ಅಂದಾಜಿನ ಮೇಲೆ ಕೊಯ್ದಿದ್ದರ ಪಾಡು ಏನು? ಕೀಲನ್ನು ಮೇಲೆತ್ತೋ ದೋಣಿಗಳೂ ಸಿಗ್ತವೆ. ಅದೂ ಬೇಡವಾ, ಇರೋ ದೋಣಿಯನ್ನು ಆಳ ನೀರಲ್ಲಿ ನಿಲ್ಲಿಸಿ ಪುಟ್ಟ ಗಾಳಿದೋಣಿಯಲ್ಲಿ ದಡಕ್ಕೆ ಹೋಗಿ. ಬೆವರು ಬರುತ್ತೆ, ಅಷ್ಟೇ.

ನನಗೆ ನಿಜವಾಗಿ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಕೀಲ್ ಕತ್ತರಿಸೋನು "ನನ್ನ ದೋಣಿ, ನನ್ನ ಜೀವ, ನಿಮಗೇನು?" ಅಂತಾನೆ. ಅವನ ಜೀವ ಒಂದೇ ಆಗಿದ್ದರೆ ನಾನು ಸುಮ್ಮನಿರ್ತಿದ್ದೆ. ಆದರೆ ವೀಕೆಂಡಿಗೆ "ಬಾರೋ, ಸಮುದ್ರ ತೋರಿಸ್ತೀನಿ" ಅಂತ ಕರೆದ ಗೆಳೆಯನಿಗೆ ಕೀಲ್ ಅಂದರೆ ಏನು ಅಂತಲೂ ಗೊತ್ತಿರಲ್ಲ. ಬೆಂಗಳೂರಿಂದ ಬಂದ ಅವನ ಹೆಂಡತಿ ಲೈಫ್ ಜಾಕೆಟ್ ಹಾಕಿಕೊಂಡು ಸೆಲ್ಫಿ ತೆಗೀತಾ ಕೂತಿರ್ತಾಳೆ. ಅವರು ನಂಬಿರೋದು ನಿಮ್ಮನ್ನು. ಐದು ವರ್ಷ ಆದ ಮೇಲೆ ದೋಣಿ ಮಾರ್ತೀರಿ. ಕೊಳ್ಳೋನು ದೋಣಿಯ ಹೆಸರು ಹುಡುಕಿ, ಇದು ಬಿರುಗಾಳಿಯಲ್ಲೂ ತಿರುಗಿ ಏಳೋ ಮಾದರಿ ಅಂತ ಓದಿ ಖುಷಿಪಡ್ತಾನೆ. ಅವನು ಓದಿದ್ದು ಬೇರೆ ದೋಣಿಯ ಬಗ್ಗೆ. ನೀವು ಮಾರಿದ್ದು ಅದೇ ಹೆಸರಿನ ಇನ್ನೊಂದನ್ನು. ಕತ್ತರಿಸಿದ ಗುರುತು ನೀರಿನ ಕೆಳಗೆ, ಬಣ್ಣದ ಕೆಳಗೆ ಇದೆ. ಇದನ್ನು ಮಾರ್ಪಾಡು ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಹಾಗಾಗಿ ನನ್ನ ಮತ ಊಹೂಂ. ನನ್ನ ಪಾಲಿನ ಗೆಳೆಯರಿಗೆ ನಾನಿಟ್ಟಿರೋ ಬೇಡಿಕೆ ಚಿಕ್ಕದು: ಲೆಕ್ಕ ತೋರಿಸಿ. ಸಹಿ ಹಾಕೋ ವಿನ್ಯಾಸಕಾರರು ಯಾರು ಹೇಳಿ. ಅವರು "ಆಗಬಹುದು" ಅಂತ ಬರೆದು ಕೊಟ್ಟರೆ ಗರಗಸದ ಇನ್ನೊಂದು ತುದಿ ನಾನೇ ಹಿಡೀತೀನಿ. ಅಲ್ಲಿವರೆಗೆ ಮಾರ್ಕರ್ ಪೆನ್ನಿನಲ್ಲಿ ಕೀಲ್ ಮೇಲೆ ಗೆರೆ ಎಳೆದಿದ್ದೀರಲ್ಲ, ಅದನ್ನು ಮೊದಲು ಒರೆಸಿ. ಒಪ್ಪದೇ ಇದ್ದರೆ ನನ್ನ ಪಾಲು ನನಗೆ ಕೊಟ್ಟುಬಿಡಿ. ನಾನೊಂದು ಹಳೇ ಸೆಂಟಾರ್ ಹುಡುಕ್ಕೋತೀನಿ, ಕೆಸರಲ್ಲಿ ನೆಟ್ಟಗೆ ಕೂತು ಟೀ ಕುಡೀತೀನಿ.